ದಿಲ್ಲಿಯ ಚರ್ಚೆಯೂ ಊರಿನ ಚುನಾವಣೆಯೂ

ಕನ್ನಡ ನಾಡಿನ ಊರೂರುಗಳಲ್ಲಿ ಇಂದು ಬೇರೆ ಯಾವುದಕ್ಕೆ ಕೊರತೆಯಿದ್ದರೂ ಇರಬಹುದು, ರಾಜಕೀಯ ಚರ್ಚೆಗೆ ಮಾತ್ರ ಕೊರತೆಯಿಲ್ಲ. ಸಂಜೆಯಾಯಿತೆಂದರೆ ಗುಡಿಯ ಕಟ್ಟೆ, ಖಾನಾವಳಿ, ವಾಚನಾಲಯದ ಪಡಸಾಲೆ, ವಕೀಲರ ಕೊಠಡಿ, ಹೀಗೆ ಎಲ್ಲೆಲ್ಲಿ ನಾಲ್ಕು ಜನ ಕೂಡುವರೋ ಅಲ್ಲಲ್ಲಿ ದೇಶದ ಹಣೆಬರಹದ ವಿಚಾರ ನಡೆದಿರುತ್ತದೆ. ಕಟ್ಟೆಯ ಮೇಲೆ ತೀರದ ವಾದವು ರಾತ್ರಿ ಮೊಬೈಲಿನ ಗುಂಪುಗಳಲ್ಲಿ ಮುಂದುವರಿಯುತ್ತದೆ. ಇದನ್ನು ನಾವು ಹಳಿಯುವವರಲ್ಲ. ಪರರ ಆಳಿಕೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಬಾಳಿದ ಜನರ ಮಕ್ಕಳು ಮೊಮ್ಮಕ್ಕಳು ಇಂದು ಪ್ರಧಾನಮಂತ್ರಿಯನ್ನೂ ವಿರೋಧಪಕ್ಷದ ಮುಂದಾಳನ್ನೂ ಅಳುಕಿಲ್ಲದೆ ಒಂದೇ ತಕ್ಕಡಿಯಲ್ಲಿಟ್ಟು ತೂಗುವರೆಂದರೆ, ಅದು ಸ್ವರಾಜ್ಯದ ಫಲವೇ ಸರಿ.

ಆದರೆ ಈ ಚರ್ಚೆಯಲ್ಲಿ ಬರುವ ವಿಷಯಗಳಾವುವು ಎಂಬುದನ್ನು ಕೊಂಚ ಪರಿಶೀಲಿಸಬೇಕಾಗಿದೆ. ಆಡುವ ಹತ್ತು ಮಾತುಗಳಲ್ಲಿ ಒಂಬತ್ತು ದಿಲ್ಲಿಯವು. ಬಂಗಾಲದಲ್ಲಿ ಯಾರು ಗೆಲ್ಲುವರು, ಬಿಹಾರದಲ್ಲಿ ಯಾರು ಯಾರ ಕೈ ಹಿಡಿಯುವರು, ಮುಂದಿನ ಮಂತ್ರಿಮಂಡಲದಲ್ಲಿ ಯಾರಿಗೆ ಯಾವ ಖಾತೆ ಎಂಬುದನ್ನೆಲ್ಲ ನಮ್ಮ ಗೆಳೆಯರು ಬೆರಳ ತುದಿಯಲ್ಲಿ ಎಣಿಸಿ ಹೇಳಬಲ್ಲರು. ಇಷ್ಟರಿಂದಲೇ ತೀರಿದ್ದರೆ ಚಿಂತೆಯಿರಲಿಲ್ಲ. ಎಳೆತನದಲ್ಲಿ ಒಂದೇ ಹಲಗೆಯ ಮೇಲೆ ಕುಳಿತು ಅಕ್ಷರ ಕಲಿತವರು, ಒಬ್ಬರ ಮನೆಯ ಮದುವೆಗೆ ಮತ್ತೊಬ್ಬರು ಮುಂದಾಗಿ ನಿಂತು ಹಂದರ ಹಾಕಿಸಿದವರು, ತಾವು ಎಂದೂ ಕಣ್ಣಾರೆ ಕಾಣದ ಮುಂದಾಳುಗಳಿಗಾಗಿ ಇಂದು ಮಾತು ಬಿಟ್ಟಿದ್ದಾರೆ. ಒಬ್ಬನು ಕಟ್ಟೆಗೆ ಬಂದರೆ ಇನ್ನೊಬ್ಬನು ಎದ್ದು ಹೋಗುವನು. ಯಾರ ಸಲುವಾಗಿ ಇವರು ಜಗಳಾಡಿದರೋ ಆ ಮಹನೀಯರು ದಿಲ್ಲಿಯಲ್ಲಿ ಒಂದೇ ಸಮಾರಂಭದಲ್ಲಿ ಕೂಡಿ ಕುಳಿತು ನಗುತ್ತಿರುವ ಚಿತ್ರವು ಮರುದಿನದ ಪತ್ರಿಕೆಯಲ್ಲಿ ಬಂದಿರುತ್ತದೆ.

ಇಂಥ ಗೆಳೆಯರ ಗುಂಪಿನಲ್ಲಿ ಒಂದು ಸಣ್ಣ ಪ್ರಶ್ನೆಯನ್ನು ಕೇಳಿ ನೋಡಿರಿ: "ನಿಮ್ಮ ಜಿಲ್ಲಾ ಪಂಚಾಯತಿಗೆ ನೀವು ಕೊನೆಯ ಸಲ ಮತ ಹಾಕಿದ್ದು ಯಾವಾಗ?" ಗದ್ದಲವು ಒಮ್ಮೆಲೇ ನಿಂತುಹೋಗುತ್ತದೆ. ಮಾಸ್ತರರು ಕಿಟಕಿಯ ಕಡೆಗೆ ನೋಡುವರು. ಅಂಗಡಿಯ ಸಾಹುಕಾರರು ವರ್ಷ ಎಣಿಸತೊಡಗುವರು. ಯಾರಿಗೂ ಥಟ್ಟನೆ ನೆನಪಾಗದು. ಇದು ಅವರ ನೆನಪಿನ ದೋಷವಲ್ಲ, ಚುನಾವಣೆಯನ್ನು ನಡೆಯಿಸದವರ ದೋಷ.

ನಡೆದ ಸಂಗತಿಯನ್ನು ಸರಳವಾಗಿ ಹೇಳುತ್ತೇವೆ. ಕರ್ನಾಟಕದ ಜಿಲ್ಲಾ ಹಾಗೂ ತಾಲೂಕಾ ಪಂಚಾಯತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆಯಾಯಿತು. ಆಯ್ಕೆಯಾದವರ ಐದು ವರ್ಷಗಳ ಅವಧಿಯು 2021ರಲ್ಲಿ ತೀರಿತು. ಆ ವರ್ಷ ಚುನಾವಣೆ ಬರಲಿಲ್ಲ. 2022, 2023, 2024 ಈ ಮೂರು ವರ್ಷಗಳು ಪೂರ್ತಿಯಾಗಿ ಕಳೆದರೂ ಬರಲಿಲ್ಲ. ಬೆಂಗಳೂರಿನ ಗತಿಯೂ ಇದಕ್ಕಿಂತ ಉತ್ತಮವಲ್ಲ. ಅಲ್ಲಿಯ ಮಹಾನಗರ ಪಾಲಿಕೆಗೆ 2015ರಲ್ಲಿ ಆಯ್ಕೆಯಾದ ಸದಸ್ಯರ ಅವಧಿಯು 2020ರ ಸೆಪ್ಟೆಂಬರದಲ್ಲಿ ಮುಗಿಯಿತು; ಮುಂದೆ ಐದು ವರ್ಷ, ಎಂದರೆ ಒಂದು ಇಡಿಯ ಅವಧಿ, ಆ ಮಹಾನಗರವು ತನ್ನ ಪ್ರತಿನಿಧಿಗಳಿಲ್ಲದೆಯೇ ಕಳೆಯಿತು. 2025ರಲ್ಲಿ ಆ ಪಾಲಿಕೆಯನ್ನು ಒಡೆದು ಐದು ಮಾಡಿದಾಗಲೂ ನಿಮ್ಮ ಅಭಿಪ್ರಾಯವೇನೆಂದು ಕೇಳಲು ಚುನಾಯಿತ ಸದಸ್ಯನೊಬ್ಬನೂ ಇರಲಿಲ್ಲ. ಈ ರೋಗ ನಮಗೊಬ್ಬರಿಗೇ ತಗಲಿದ್ದಲ್ಲ. ಮುಂಬಯಿ ಮಹಾನಗರ ಪಾಲಿಕೆಯ ಅವಧಿಯು 2022ರ ಮಾರ್ಚದಲ್ಲಿ ತೀರಿದ ಮೇಲೆ ಅಲ್ಲಿಯೂ ವರ್ಷಗಟ್ಟಲೆ ಆಡಳಿತಾಧಿಕಾರಿಯ ಆಳಿಕೆಯೇ ನಡೆಯಿತು.

ಕಾಯದೆಯು ಈ ವಿಷಯದಲ್ಲಿ ಅಸ್ಪಷ್ಟವಾಗಿದ್ದಿದ್ದರೆ ನಾವು ಇಷ್ಟು ನಿಷ್ಠುರವಾಗಿ ಬರೆಯುತ್ತಿರಲಿಲ್ಲ. ಸಂವಿಧಾನಕ್ಕೆ ಮಾಡಿದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಿಂದ ಜಾರಿಯಲ್ಲಿದೆ. ಅದರಿಂದ ಬಂದ 243-ಇ ವಿಧಿಯ ಪ್ರಕಾರ ಪಂಚಾಯತಿಯ ಆಯುಷ್ಯವು ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಹಳೆಯದರ ಅವಧಿ ಮುಗಿಯುವುದರೊಳಗಾಗಿ ಹೊಸದರ ಚುನಾವಣೆ ಪೂರ್ಣವಾಗಿರಬೇಕು. ಪಟ್ಟಣಗಳಿಗೆ 74ನೆಯ ತಿದ್ದುಪಡಿಯು ಇದೇ ಮಾತನ್ನು ಹೇಳುತ್ತದೆ. ಅಹಮದಾಬಾದಿನ ಪಾಲಿಕೆಯ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿಯೇ ಈ ಅವಧಿಯನ್ನು ಮೀರುವಂತಿಲ್ಲವೆಂದು ಸ್ಪಷ್ಟಪಡಿಸಿತು. ಸಾಲದ ಕಂತು ಒಂದು ತಿಂಗಳು ತಡವಾದರೆ ಒಕ್ಕಲಿಗನ ಮನೆಯ ಬಾಗಿಲಿಗೆ ನೋಟೀಸು ಬರುತ್ತದೆ. ಸಂವಿಧಾನದ ಕಂತು ವರ್ಷಗಟ್ಟಲೆ ಬಾಕಿಯುಳಿದರೆ ನೋಟೀಸು ಯಾರ ಬಾಗಿಲಿಗೆ?

ಸರಕಾರದ ಕಡೆಯಿಂದ ಬರುವ ಉತ್ತರಗಳು ಎರಡು. ಕ್ಷೇತ್ರಗಳ ಎಲ್ಲೆಗಳನ್ನು ಹೊಸದಾಗಿ ಗುರುತಿಸಬೇಕಾಗಿದೆಯೆಂಬುದು ಒಂದು. ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆ ಬಗೆಹರಿಯಬೇಕೆಂಬುದು ಇನ್ನೊಂದು. ಎಲ್ಲೆ ಗುರುತಿಸುವ ಕೆಲಸವು ಮೊದಲು ರಾಜ್ಯ ಚುನಾವಣಾ ಆಯೋಗದ ಕೈಯಲ್ಲಿತ್ತು. 2021ರಲ್ಲಿ, ಎಂದರೆ ಅವಧಿ ತೀರಿದ ವರ್ಷದಲ್ಲಿಯೇ, ಕಾಯದೆಗೆ ತಿದ್ದುಪಡಿ ಮಾಡಿ ಅದನ್ನು ಬೇರೊಂದು ಆಯೋಗಕ್ಕೆ ವಹಿಸಲಾಯಿತು. ಹೊಲ ಉಳುವ ಹೊತ್ತಿಗೆ ನೇಗಿಲನ್ನು ಬಿಚ್ಚಿಟ್ಟು, ಮಳೆ ಹೋದ ಮೇಲೆ ನೇಗಿಲಿಲ್ಲವೆಂದು ಹೇಳಿದ ಹಾಗಾಯಿತು. ಮೀಸಲಾತಿಯ ಪ್ರಶ್ನೆಯು ನ್ಯಾಯವಾದದ್ದೇ. ಆದರೆ ಅಂಕಿ ಸಂಖ್ಯೆಗಳನ್ನು ಕೂಡಿಸಿ ಅದನ್ನು ಸಮರ್ಥಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದ್ದು 2010ರಲ್ಲಿ. ಹನ್ನೊಂದು ವರ್ಷಗಳ ಮುನ್ಸೂಚನೆಯು ಸಾಲದೆಂದು ಹೇಳುವವರು ಇನ್ನೆಷ್ಟು ಕಾಲಾವಕಾಶವನ್ನು ಬಯಸುವರು? ಇನ್ನೂ ಒಂದು ಮಾತು. 2020ರ ಡಿಸೆಂಬರದಲ್ಲಿ, ಮಹಾಮಾರಿಯ ಭಯವು ಇನ್ನೂ ಹಸಿಯಾಗಿದ್ದಾಗಲೇ, ಗ್ರಾಮ ಪಂಚಾಯತಿಗಳಿಗೆ ಇಡಿಯ ರಾಜ್ಯದಲ್ಲಿ ಚುನಾವಣೆ ನಡೆಯಿತು. 2024ರಲ್ಲಿ ಏಪ್ರಿಲ್ 19ರಿಂದ ಜೂನ್ 1ರೊಳಗೆ ದೇಶದ 64 ಕೋಟಿಗೂ ಮಿಕ್ಕಿದ ಜನರು ಲೋಕಸಭೆಗಾಗಿ ಮತ ಹಾಕಿದರು. ಇಷ್ಟನ್ನು ಮಾಡಬಲ್ಲ ದೇಶಕ್ಕೆ ಒಂದು ಜಿಲ್ಲೆಯ ಚುನಾವಣೆ ಅಸಾಧ್ಯವೆಂದರೆ ಯಾರು ನಂಬಬೇಕು?

ಇದರಲ್ಲಿ ನಾವು ಯಾವ ಪಕ್ಷದ ಪರವನ್ನೂ ವಹಿಸುವುದಿಲ್ಲ. ಅವಧಿ ತೀರಿದಾಗ ಗದ್ದುಗೆಯ ಮೇಲಿದ್ದುದು ಭಾರತೀಯ ಜನತಾ ಪಕ್ಷ. 2023ರ ಮೇ ತಿಂಗಳಲ್ಲಿ ಬಂದುದು ಕಾಂಗ್ರೆಸು. ಯಾರ ಹೆಸರು ಹೇಳಿ ನಮ್ಮ ಗೆಳೆಯರು ಕಟ್ಟೆಯ ಮೇಲೆ ಮುಖ ತಿರುವುವರೋ ಆ ಎರಡು ಪಕ್ಷಗಳೂ ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರಂತೆ ನಡೆದುಕೊಂಡವು. ಕಾರಣವೂ ಗುಪ್ತವಾದುದಲ್ಲ. ಜಿಲ್ಲೆಯ ಸಭೆಯಿಲ್ಲದಿದ್ದರೆ ಶಾಸಕನೇ ತಾಲೂಕಿಗೆ ದೊರೆ. ರಸ್ತೆಯಾಗಲಿ ಕೊಳವೆ ಬಾವಿಯಾಗಲಿ ಅವನ ಕೈಯಿಂದಲೇ ಇಳಿದು ಬರಬೇಕು. ಉಪಕಾರ ಮಾಡುವ ಕೈಯನ್ನು ಯಾರೂ ತಾವಾಗಿ ಹಂಚಿಕೊಳ್ಳಲಾರರು.

"ಪಂಚಾಯತಿ ಎಂದರೆ ಗುತ್ತಿಗೆದಾರರ ಸಂತೆ, ಜಾತಿಯ ಜಗಳ, ಅದು ಇಲ್ಲದಿದ್ದರೆ ಏನು ಮುಳುಗಿತು?" ಎಂದು ಕೇಳುವ ಸುಶಿಕ್ಷಿತರು ನಮ್ಮಲ್ಲಿ ಬಹಳ ಜನರಿದ್ದಾರೆ. ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. 1948ರ ನವೆಂಬರ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡಕರರು ಹಳ್ಳಿಯನ್ನು ಹೊಗಳುವವರಿಗೆ ಬಹಳ ಕಟುವಾದ ಉತ್ತರವನ್ನೇ ಕೊಟ್ಟರು. ಹಳ್ಳಿಯ ಪಂಚರ ಕೈಯಲ್ಲಿ ಅಸ್ಪೃಶ್ಯನು ಪಟ್ಟ ಪಾಡನ್ನು ಬಲ್ಲವರ ಮಾತು ಅದು. ಅದೇ ತಿಂಗಳು ಶ್ರೀ ಸಂತಾನಂ ಅವರ ಸೂಚನೆಯ ಮೇರೆಗೆ ಪಂಚಾಯತಿಗಳ ವಿಧಿಯು ಸಂವಿಧಾನದೊಳಗೆ ಬಂದರೂ ಆ ಎಚ್ಚರಿಕೆಯು ಸುಳ್ಳಾಗಲಿಲ್ಲ. 73ನೆಯ ತಿದ್ದುಪಡಿಯು ಅದಕ್ಕೆ ಕೊಟ್ಟ ಉತ್ತರವೇನು? ಪರಿಶಿಷ್ಟ ಜಾತಿ ಪಂಗಡಗಳಿಗೆ ಅವರ ಜನಸಂಖ್ಯೆಗೆ ತಕ್ಕಷ್ಟು ಸ್ಥಾನ. ಹೆಂಗಸರಿಗೆ ಮೂರರಲ್ಲಿ ಒಂದು ಪಾಲು. ಅಧ್ಯಕ್ಷ ಪದವಿಗಳಲ್ಲಿಯೂ ಮೀಸಲು. ಕರ್ನಾಟಕವಂತೂ ಹೆಂಗಸರ ಪಾಲನ್ನು ಅರ್ಧಕ್ಕೆ ಏರಿಸಿತು. ಹೀಗಿರಲು ಚುನಾವಣೆಯನ್ನು ನಿಲ್ಲಿಸಿದರೆ ನಿಜವಾಗಿ ಕಳೆದುಕೊಳ್ಳುವವರು ಯಾರು? ಊರಿನ ಹಿರಿಯ ಮನೆತನದವರಲ್ಲ. ಅವರಿಗೆ ಶಾಸಕರ ಪಡಸಾಲೆಗೆ ನೇರವಾದ ದಾರಿಯಿದೆ. ಕಳೆದುಕೊಳ್ಳುವವರು, ಜಿಲ್ಲೆಯ ಸಭಾಗೃಹದಲ್ಲಿ ಕುರ್ಚಿಯ ಮೇಲೆ ಕುಳಿತು ಮೇಲಧಿಕಾರಿಯನ್ನು ಪ್ರಶ್ನೆ ಕೇಳುವ ಹಕ್ಕನ್ನು ಪಡೆದಿದ್ದ ಹೆಣ್ಣುಮಕ್ಕಳು ಮತ್ತು ದಲಿತರು. ಪಂಚಾಯತಿಯಲ್ಲಿ ಕಳ್ಳತನವಿದ್ದರೆ ಕಳ್ಳನನ್ನು ಐದು ವರ್ಷಕ್ಕೊಮ್ಮೆ ಹೊರಗಟ್ಟಬಹುದು. ಆಡಳಿತಾಧಿಕಾರಿಯನ್ನು ಹೊರಗಟ್ಟಲು ಜನರ ಕೈಯಲ್ಲಿ ಯಾವ ಸಾಧನವಿದೆ?

ಕನ್ನಡಿಗರಿಗೆ ಇದು ಹೊಸ ಪಾಠವೇನೂ ಅಲ್ಲ. ದಿವಾನ ರಂಗಾಚಾರ್ಲುಗಳು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದ್ದು 1881ರಲ್ಲಿ. ಅದರ ಅಧಿಕಾರವು ಸ್ವಲ್ಪವೇ ಆಗಿದ್ದರೂ ಜನರ ಅಹವಾಲನ್ನು ಜನರ ಬಾಯಿಂದಲೇ ಕೇಳಬೇಕೆಂಬ ತತ್ವವು ಅಲ್ಲಿ ಬೇರೂರಿತು. ನೂರು ವರ್ಷಗಳ ಮೇಲೆ ಅಬ್ದುಲ್ ನಜೀರ್ ಸಾಬರು 1983ರ ಕಾಯದೆಯ ಮೂಲಕ ಜಿಲ್ಲಾ ಪರಿಷತ್ತುಗಳನ್ನೂ ಮಂಡಲ ಪಂಚಾಯತಿಗಳನ್ನೂ ಕಟ್ಟಿದರು. 1987ರಲ್ಲಿ ಅವುಗಳಿಗೆ ಚುನಾವಣೆಯಾಯಿತು. ಹೆಂಗಸರಿಗೆ ನೂರಕ್ಕೆ 25 ಸ್ಥಾನಗಳನ್ನು ಕಾದಿರಿಸಿ, ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯಮಂತ್ರಿಯ ಸ್ಥಾನಮಾನವನ್ನು ಕೊಟ್ಟ ಆ ಪ್ರಯೋಗವನ್ನು ದೇಶವೆಲ್ಲ ಕಣ್ಣಿಟ್ಟು ನೋಡಿತು. ಕೊಳವೆ ಬಾವಿಗಳನ್ನು ಕೊರೆಯಿಸಿ ಹಳ್ಳಿಗಳಿಗೆ ನೀರು ಕೊಟ್ಟುದರಿಂದ ಜನರು ಅವರನ್ನು ಪ್ರೀತಿಯಿಂದ ನೀರ ಸಾಬರೆಂದು ಕರೆದರು. ಆ ನಾಡಿನಲ್ಲಿಯೇ ಜಿಲ್ಲೆಯ ಸಭಾಗೃಹಗಳು ವರ್ಷಗಟ್ಟಲೆ ಖಾಲಿಯಾಗಿದ್ದವೆಂದರೆ ನಾಚಿಕೆ ಯಾರಿಗೆ?

ಏಕೀಕರಣದ ಹೋರಾಟವನ್ನು ಬಲ್ಲವರಿಗೆ ಇನ್ನೊಂದು ಸಂಗತಿ ನೆನಪಾಗದೆ ಇರದು. ಧಾರವಾಡದ ಮಾತು ಮುಂಬಯಿಯಲ್ಲಿ, ಬಳ್ಳಾರಿಯ ಮಾತು ಮದರಾಸಿನಲ್ಲಿ, ಕಲಬುರ್ಗಿಯ ಮಾತು ಹೈದರಾಬಾದಿನಲ್ಲಿ ತೀರ್ಮಾನವಾಗುತ್ತಿದ್ದುದೇ ಅಂದಿನ ಕನ್ನಡಿಗರ ದುಃಖವಾಗಿತ್ತು. 1956ರ ನವೆಂಬರ 1ರಂದು ಆ ದುಃಖ ನೀಗಿತು. ಆದರೆ ಬೀದರದ ಹಳ್ಳಿಯ ಶಾಲೆಯ ಮಾಡು ಸೋರುವ ವಿಚಾರವು ಬೀದರದಲ್ಲಿ ತೀರದೆ ಬೆಂಗಳೂರಿನ ವಿಧಾನಸೌಧದ ಮೆಟ್ಟಿಲು ಹತ್ತಬೇಕಾದರೆ, ದೂರದ ರಾಜಧಾನಿಯ ಹೆಸರು ಬದಲಾಯಿತೇ ಹೊರತು ದೂರವು ಕಡಿಮೆಯಾಗಲಿಲ್ಲ. ನಾಡು ಒಂದಾಗಬೇಕೆಂದು ದುಡಿದವರು ಬಯಸಿದ ಸ್ವರಾಜ್ಯವು ಇದಲ್ಲ.

ಊರಿನ ಚುನಾವಣೆಗೆ ಮತ್ತೊಂದು ಗುಣವಿದೆ. ದಿಲ್ಲಿಯ ವಿಷಯದಲ್ಲಿ ಗೆಳೆಯರು ಕೂಡಿ ಮಾಡಬಹುದಾದ ಕೆಲಸವು ಬಹಳ ಕಡಿಮೆ. ಆದುದರಿಂದಲೇ ಅಲ್ಲಿ ಜಗಳಕ್ಕೆ ಅವಕಾಶ ಹೆಚ್ಚು. ಆದರೆ ಕೆರೆಯ ಕಟ್ಟೆ ಒಡೆದಾಗ, ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದಾಗ, ಶಾಲೆಗೆ ಶಿಕ್ಷಕರು ಸಾಲದಾದಾಗ ಎರಡು ಪಕ್ಷದವರೂ ಒಂದೇ ಅರ್ಜಿಗೆ ಸಹಿ ಹಾಕಬೇಕಾಗುತ್ತದೆ. ಎದುರು ಪಕ್ಷದ ಉಮೇದುವಾರನೂ ನಮ್ಮ ಓಣಿಯವನೇ ಆದಾಗ ಅವನನ್ನು ರಾಕ್ಷಸನೆನ್ನಲು ನಾಲಿಗೆ ಏಳುವುದಿಲ್ಲ. ಏಕೆಂದರೆ ನಾಳೆ ಅವನ ಮನೆಯ ಹಬ್ಬಕ್ಕೆ ಹೋಗಬೇಕು. ಭಿನ್ನಾಭಿಪ್ರಾಯವನ್ನು ದ್ವೇಷವಾಗದಂತೆ ಇಟ್ಟುಕೊಳ್ಳುವ ವಿದ್ಯೆಯು ಇಲ್ಲಿಯೇ ಕಲಿಯತಕ್ಕದ್ದು.

ಪಟ್ಟಣಿಗರ ಔದಾಸೀನ್ಯವನ್ನೂ ಮುಚ್ಚಿಡುವುದು ಸರಿಯಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದ ಮತದಾನವು ನೂರಕ್ಕೆ 80ನ್ನು ದಾಟಿತು. ಬೆಂಗಳೂರು ಉತ್ತರ, ದಕ್ಷಿಣ, ಮಧ್ಯ ಈ ಮೂರರಲ್ಲಿ ಒಂದೂ 55ನ್ನು ಮುಟ್ಟಲಿಲ್ಲ. ಅತಿ ಹೆಚ್ಚು ಚರ್ಚಿಸುವವರೇ ಅತಿ ಕಡಿಮೆ ಮತ ಹಾಕುವರೆಂಬ ಅಪವಾದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಕೇಳದವರಿಗೆ ಕೊಡುವುದೇಕೆಂದು ಅಧಿಕಾರಾರೂಢರು ತಿಳಿದರೆ ತಪ್ಪು ಅವರೊಬ್ಬರದೇ ಅಲ್ಲ.

ಆದುದರಿಂದ ನಮ್ಮ ವಾಚಕರಲ್ಲಿ ಮೂರು ವಿನಂತಿಗಳು. ಮತ ಬೇಡಲು ಬರುವ ಯಾವ ಪಕ್ಷದವನಿಗೇ ಆಗಲಿ ಮೊದಲ ಪ್ರಶ್ನೆಯಾಗಿ ಇದನ್ನೇ ಕೇಳಿರಿ: "ಜಿಲ್ಲೆಯ ಮತ್ತು ಊರಿನ ಚುನಾವಣೆಯು ಹೇಳಿದ ದಿನಕ್ಕೆ ನಡೆಯುವಂತೆ ನೀವು ಮಾಡುವಿರೋ ಇಲ್ಲವೋ?" ಎರಡನೆಯದಾಗಿ, ನಿಮ್ಮ ಗೆಳೆಯರ ಗುಂಪಿನಲ್ಲಿ ವಾರಕ್ಕೆ ಒಂದು ಸಂಜೆಯನ್ನಾದರೂ ಊರಿನ ಲೆಕ್ಕಪತ್ರಕ್ಕೆ ಮೀಸಲಿಡಿರಿ, ಈ ವರ್ಷ ನಿಮ್ಮ ತಾಲೂಕಿಗೆ ಬಂದ ಹಣವೆಷ್ಟು, ಅದು ಹೋದುದೆಲ್ಲಿಗೆ ಎಂದು ಮಾಹಿತಿ ಹಕ್ಕಿನ ಕಾಯದೆಯ ಮೇರೆಗೆ ಕೇಳಿ ತಿಳಿಯಿರಿ. ಮೂರನೆಯ ವಿನಂತಿಯು ಶಿಕ್ಷಕ ಬಂಧುಗಳಿಗೆ. ಪಕ್ಷದ ಪ್ರಚಾರವು ನಿಮಗೆ ಸಲ್ಲದು. ಆದರೆ ಐದು ವರ್ಷಕ್ಕೊಮ್ಮೆ ಪಂಚಾಯತಿಗೆ ಚುನಾವಣೆಯಾಗಬೇಕೆಂಬ ಸಂವಿಧಾನದ ಮಾತನ್ನು ಹುಡುಗರಿಗೆ ಹೇಳಿಕೊಡುವುದು ಪ್ರಚಾರವಲ್ಲ, ಪಾಠ.

ಭಾರತದ ಮತದಾರನ ಬೆರಳಿಗೆ ಹಚ್ಚುವ ಅಳಿಯದ ಶಾಯಿಯು ಮೈಸೂರಿನಲ್ಲಿ ತಯಾರಾಗುತ್ತದೆ. 1962ರ ಮಹಾಚುನಾವಣೆಯಿಂದಲೂ ಆ ಗೌರವವು ನಮ್ಮ ನಾಡಿಗೆ ಸಂದಿದೆ. ದೇಶಕ್ಕೆಲ್ಲ ಶಾಯಿಯನ್ನು ಕೊಡುವ ನಾಡು ತನ್ನ ಜಿಲ್ಲೆಯ ಚುನಾವಣೆಗಾಗಿ ತನ್ನ ಮಕ್ಕಳ ಬೆರಳಿಗೆ ಅದನ್ನು ಹಚ್ಚಲು ಮರೆಯಿತೆಂಬ ಅಪಕೀರ್ತಿ ಇನ್ನೊಮ್ಮೆ ಬರದಂತೆ ನೋಡಿಕೊಳ್ಳುವ ಹೊಣೆಯು ಮಂತ್ರಿಗಳದಷ್ಟೇ ಅಲ್ಲ, ಕಟ್ಟೆಯ ಮೇಲೆ ಕುಳಿತ ನಮ್ಮೆಲ್ಲರದೂ ಹೌದು.