ಬೋನು ಹೊತ್ತ ಗಾಡಿ ಹೊರಟ ಮೇಲೆ

ನಂಜನಗೂಡು, ತಿ. ನರಸೀಪುರ ಸೀಮೆಯಿಂದ ಬರುವ ಚಿರತೆ ಸುದ್ದಿಗೆ ಒಂದು ಅಚ್ಚು ಬಿದ್ದುಹೋಗಿದೆ. ಕಾವಲು ನಾಯಿ ಕಾಣೆ, ಕೊಟ್ಟಿಗೆಯ ಕರು ಬಲಿ, ಗ್ರಾಮಸ್ಥರ ಆಗ್ರಹ, ಅರಣ್ಯ ಇಲಾಖೆಯ ಬೋನು. ಕೆಲವು ದಿನ ಬಿಟ್ಟು ಇನ್ನೊಂದು ಸುದ್ದಿ: ಚಿರತೆ ಸೆರೆ, ನಿಟ್ಟುಸಿರು ಬಿಟ್ಟ ಜನ. ಕೊನೆಯ ಸಾಲೂ ಹೆಚ್ಚುಕಡಿಮೆ ಗೊತ್ತಿದ್ದದ್ದೇ, 'ಸುರಕ್ಷಿತವಾಗಿ ಕಾಡಿಗೆ ಬಿಡಲಾಯಿತು' ಎಂದು. ಯಾವ ಕಾಡಿಗೆ? ಅಲ್ಲಿ ಮೊದಲೇ ಎಷ್ಟು ಚಿರತೆಗಳಿದ್ದವು? ಬಿಟ್ಟದ್ದು ಅಲ್ಲೇ ನಿಂತಿತೇ? ನಾವು ಪತ್ರಿಕೆಯವರು ಇದನ್ನು ಕೇಳುವುದು ಕಡಿಮೆ. ಸಂಶೋಧಕರು ಕೇಳಿದ್ದಾರೆ. ಅವರಿಗೆ ಸಿಕ್ಕ ಉತ್ತರ ಕನ್ನಡದ ಓದುಗರ ತನಕ, ಅದರಲ್ಲೂ ಕಬ್ಬು ಬೆಳೆಯುವವರ ಮನೆ ತನಕ, ಸರಿಯಾಗಿ ಬಂದಿಲ್ಲ ಎಂಬ ಕಾರಣಕ್ಕೇ ಈ ಸಲದ ಮಾತು ಚಿರತೆಯ ಸುತ್ತ.

ಮೊದಲು ನಮ್ಮ ವೃತ್ತಿಗೆ ಹೆಮ್ಮೆ ತರುವ ಒಂದು ಸಂಗತಿ. ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು 2015ರಲ್ಲಿ ಕರ್ನಾಟಕದ ಚಿರತೆಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅದಕ್ಕೆ ಅವರು ಆಧಾರವಾಗಿಟ್ಟುಕೊಂಡದ್ದು 2013–14ರ ಪತ್ರಿಕಾ ವರದಿಗಳನ್ನು. ಯಾವ ಊರು, ಯಾವ ದಿನ, ಏನು ಹೋಯಿತು ಎಂಬ ನಾಲ್ಕು ಸಾಲಿನ ಸುದ್ದಿಗಳನ್ನೆಲ್ಲ ನಕ್ಷೆಯ ಮೇಲೆ ಕೂರಿಸಿ ಲೆಕ್ಕ ಹಾಕಿದಾಗ, ರಕ್ಷಿತಾರಣ್ಯಗಳ ಹೊರಗೇ ಸುಮಾರು 84,000 ಚದರ ಕಿಲೋಮೀಟರಿನಲ್ಲಿ ಚಿರತೆಗಳಿವೆ ಎಂಬ ಅಂದಾಜು ಸಿಕ್ಕಿತು. ತಾಲ್ಲೂಕು ಕೇಂದ್ರದಲ್ಲಿ ಕೂತು ಸುದ್ದಿ ಕಳಿಸಿದ ವರದಿಗಾರನಿಗೆ ತಾನು ವಿಜ್ಞಾನಕ್ಕೆ ದತ್ತಾಂಶ ಒದಗಿಸುತ್ತಿದ್ದೇನೆಂದು ಗೊತ್ತಿರಲಿಕ್ಕಿಲ್ಲ.

ಇನ್ನು ಹಿಡಿದು ಬಿಡುವ ವಿಚಾರ. ಮಹಾರಾಷ್ಟ್ರದ ಜುನ್ನರ್ ನಮ್ಮ ಈ ಸೀಮೆಯ ಹಾಗೇ ನೀರಾವರಿ ಬಂದು ಕಬ್ಬು ತುಂಬಿದ ನಾಡು. 2001ರಿಂದ 2003ರವರೆಗೆ ಅಲ್ಲಿ ಹತ್ತಾರು ಚಿರತೆಗಳನ್ನು ಹಿಡಿದು ಬೇರೆ ಕಾಡುಗಳಿಗೆ ಸಾಗಿಸಿದರು. ಅದಕ್ಕೆ ಮುಂಚೆ ವರ್ಷಕ್ಕೆ ಸರಾಸರಿ ನಾಲ್ಕರಷ್ಟಿದ್ದ ಮನುಷ್ಯರ ಮೇಲಿನ ದಾಳಿ ಆಮೇಲೆ ಹದಿನೇಳಕ್ಕೆ ಏರಿತು. ಬಿಟ್ಟ ಕಾಡಿನ ಆಸುಪಾಸಿನ ಹಳ್ಳಿಗಳಲ್ಲೂ ದಾಳಿಗಳಾದವು. 2011ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ಬರೆದವರಲ್ಲಿ ಅತ್ರೇಯ ಅವರ ಜೊತೆ ನಮ್ಮ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರೂ ಇದ್ದರು. ಹಿಡಿದ ಚಿರತೆ ಹೊಸ ಜಾಗದಲ್ಲಿ ತೆಪ್ಪಗೆ ಇರುವುದಿಲ್ಲ. ಅಲ್ಲಿ ಮೊದಲೇ ನೆಲೆಯೂರಿದ ಚಿರತೆ ಅದನ್ನು ಅಟ್ಟುತ್ತದೆ, ಅದು ಗೊತ್ತಿಲ್ಲದ ಊರುಗಳ ನಡುವೆ ಅಲೆಯುತ್ತದೆ. ಜಾಡು ತಿಳಿಸುವ ಕಾಲರ್ ಹಾಕಿ 2009ರಲ್ಲಿ ಮಾಳ್ಶೇಜ್ ಘಾಟಿನಲ್ಲಿ ಬಿಟ್ಟ ಗಂಡು ಚಿರತೆಯೊಂದು ಸುಮಾರು 120 ಕಿಲೋಮೀಟರ್ ನಡೆದು ಮುಂಬೈ ಮಗ್ಗುಲಿನ ಕಾಡು ಸೇರಿತು. ಮರಾಠಿಯವರು ಅದರ ಮೇಲೆ 'ಆಜೋಬಾ' ಎಂಬ ಸಿನಿಮಾವನ್ನೇ ತೆಗೆದರು. ಇತ್ತ ಹಳೆಯ ಊರಿನಲ್ಲಿ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ, ಬಹಳ ಸಲ ಎಳೆಯ ವಯಸ್ಸಿನದು. ಬೋನು ಮತ್ತೆ ಬರುತ್ತದೆ. ಕೇಂದ್ರ ಪರಿಸರ ಸಚಿವಾಲಯದ 2011ರ ಮಾರ್ಗಸೂಚಿಯೂ ಸಿಕ್ಕಸಿಕ್ಕಲ್ಲಿ ಹಿಡಿದು ಸಾಗಿಸಬೇಡಿ ಎಂದೇ ಹೇಳಿದೆ.

ಕಬ್ಬಿನಲ್ಲಿ ಚಿರತೆಗೆ ಏನು ಸುಖ ಎಂದು ಪೇಟೆಯವರು ಕೇಳುವುದುಂಟು. ಕಬಿನಿ ನಾಲೆಯ ಬಯಲಿಗೆ ಬಂದು ನೋಡಬೇಕು. ವರ್ಷದ ಬಹುಪಾಲು ಆಳೆತ್ತರದ ಮರೆ, ನೀರು, ತಂಪು, ಯಾರೂ ಒಳಗೆ ಹೋಗದ ನಡುಭಾಗ. ಊರಂಚಿನಲ್ಲಿ ಕೋಳಿ ಅಂಗಡಿಯ ತ್ಯಾಜ್ಯ, ಅದರ ಸುತ್ತ ನಾಯಿಗಳು. ಮಹಾರಾಷ್ಟ್ರದ ಅಕೋಲೆಯಲ್ಲಿ ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ ಅದರ ಆಹಾರದ ತೂಕದಲ್ಲಿ ಶೇ 87ರಷ್ಟು ಸಾಕುಪ್ರಾಣಿಗಳದ್ದು, ನಾಯಿಯೊಂದರದ್ದೇ ಶೇ 39 ಎಂದು ಕಂಡುಬಂತು. ಕಟಾವಿನ ಆಳುಗಳು ಅಂಚಿನಿಂದ ಕಡಿಯುತ್ತಾ ಬಂದ ಹಾಗೆ ಮರೆ ಕುಗ್ಗುತ್ತಾ ಹೋಗಿ, ಕೊನೆಗೆ ಉಳಿದ ತುಂಡಿನಲ್ಲಿ, ಒಣಗಿದ ತರಗಿನ ಮೇಲೆ, ಕಣ್ಣು ಬಿಟ್ಟೂ ಬಿಡದ ಮರಿಗಳು ಸಿಗುತ್ತವೆ. ಸುತ್ತ ಜನ ಸೇರುತ್ತಾರೆ, ಮರಿ ಕೈಯಿಂದ ಕೈಗೆ ಹೋಗುತ್ತದೆ, ಫೋಟೊ ಆಗುತ್ತದೆ. ಬಲ್ಲ ಸಿಬ್ಬಂದಿ ಇದ್ದರೆ ಜನರನ್ನು ಚದುರಿಸಿ, ಸಂಜೆ ಅದೇ ಜಾಗದಲ್ಲಿ ಮರಿಗಳನ್ನು ಕ್ರೇಟಿನಲ್ಲಿಟ್ಟು, ಕ್ಯಾಮೆರಾ ಕಟ್ಟಿ, ದೂರ ಸರಿಯುತ್ತಾರೆ. ತಾಯಿ ಬಂದು ಕತ್ತಿನ ಚರ್ಮ ಕಚ್ಚಿ ಒಂದೊಂದನ್ನೇ ಎತ್ತಿಕೊಂಡು ಹೋದರೆ ಆ ರಾತ್ರಿಯ ಕೆಲಸ ಮುಗಿದಂತೆ.

ಇಷ್ಟೆಲ್ಲ ಹೇಳುವಾಗ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿವರೆಗಿನ ದಿನಗಳನ್ನು ದಾಟಿ ಹೋಗುವಂತಿಲ್ಲ. ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಕೆಬ್ಬೇಹುಂಡಿಯ ಯುವತಿ ಹೋಗಿದ್ದು ಮನೆಯ ಹಿತ್ತಲಿಗೆ. ಕನ್ನನಾಯಕನಹಳ್ಳಿಯ ವೃದ್ಧೆ ಸೌದೆಗೆ, ಹೊರಳಹಳ್ಳಿಯ ಹನ್ನೊಂದರ ಹುಡುಗ ಅಂಗಡಿಗೆ. ಅಕೋಲೆಯಲ್ಲಿ ನೂರು ಚದರ ಕಿಲೋಮೀಟರಿಗೆ ಐದರಷ್ಟು ಚಿರತೆಗಳಿದ್ದೂ ಅಧ್ಯಯನದ ಅವಧಿಯಲ್ಲಿ ಜೀವಹಾನಿ ಆಗಲಿಲ್ಲ ಎಂಬುದು ಸತ್ಯ. ಆದರೆ ಆ ಮಾತನ್ನು ಹಿಡಿದುಕೊಂಡು ಹೊರಳಹಳ್ಳಿಯ ಬೀದಿಗೆ ಹೋಗಲು ಯಾರಿಗೂ ಬಾಯಿ ಬರದು. ಮನುಷ್ಯರನ್ನು ಕೊಂದ ಪ್ರಾಣಿಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸರ್ಕಾರ ಪರಿಹಾರವನ್ನು ಏಳೂವರೆ ಲಕ್ಷದಿಂದ ಹದಿನೈದು ಲಕ್ಷಕ್ಕೆ ಏರಿಸಿತು, ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ಮಾಡಿತು. ಕಾರ್ಯಪಡೆ ಬೇಕಿತ್ತು. ಆದರೆ ಕತ್ತಲಲ್ಲಿ ಗದ್ದೆಗೆ ಹೋಗುವ ಅನಿವಾರ್ಯವನ್ನು ತಪ್ಪಿಸುವುದು ಅರಣ್ಯ ಇಲಾಖೆಯೊಂದರ ಕೈಯಲ್ಲಿಲ್ಲ. ರಾತ್ರಿ ತ್ರೀ ಫೇಸ್ ಕರೆಂಟು ಕೊಟ್ಟರೆ ರೈತ ಪಂಪಿನ ಸ್ಟಾರ್ಟರ್ ಒತ್ತಲು ರಾತ್ರಿಯೇ ಹೋಗಬೇಕು. ಹಿತ್ತಲಿಗೆ ದೀಪ ಇಲ್ಲ. ತಾಂಡ್ಯದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಹಳ್ಳಿಗೆ ಮರಳುವವರ ದಾರಿಯೂ ಇದೇ ಕಬ್ಬಿನ ನಡುವೆ. ಇವೆಲ್ಲ ಜೀವಶಾಸ್ತ್ರದ ಪ್ರಶ್ನೆಗಳಲ್ಲ ಎಂದು ಸಂಶೋಧಕರು ಕೈತೊಳೆದುಕೊಂಡರೆ ಅವರ ಉಳಿದ ಮಾತಿಗೂ ಕಿವಿ ಸಿಗುವುದಿಲ್ಲ.

ಎಣಿಕೆಯ ವಿಷಯವೂ ಒಂದಿದೆ. ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪಿನ ಚಿತ್ರದಿಂದ ಪಟ್ಟೆ ನೋಡಿ ಹುಲಿಗಳನ್ನು ಗುರುತಿಸಿ ಸಂಖ್ಯೆ ಅಂದಾಜು ಮಾಡುವ ಕ್ರಮವನ್ನು 1995ರಲ್ಲಿ ಪ್ರಕಟಿಸಿದರು. ಚಿರತೆಗೂ ಅದೇ ಕ್ರಮ. ಎಡಮೈ ಚುಕ್ಕೆಗೂ ಬಲಮೈ ಚುಕ್ಕೆಗೂ ಹೋಲಿಕೆ ಇಲ್ಲವಾದ್ದರಿಂದ ಕಾಲುದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟಬೇಕು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರ ತಂಡ ರಾಜ್ಯದ ಹಲವು ಕಾಡು, ಕುರುಚಲು ಬೆಟ್ಟಗಳಲ್ಲಿ ಹೀಗೆ ವರ್ಷಗಟ್ಟಲೆ ದುಡಿದಿದೆ. 2022ರ ರಾಷ್ಟ್ರೀಯ ಅಂದಾಜು ಕರ್ನಾಟಕಕ್ಕೆ 1,879 ಚಿರತೆಗಳು ಎಂದಿತು. ಆ ಗಣತಿ ಮುಖ್ಯವಾಗಿ ಅರಣ್ಯ ಪ್ರದೇಶದ್ದು. ಹಳ್ಳಿ-ಹುಂಡಿಗಳ ಸುತ್ತಿನ ಕಬ್ಬಿನೊಳಗೆ ಹುಟ್ಟಿ ಅಲ್ಲೇ ಬೆಳೆದವು ಆ ಲೆಕ್ಕದ ಹೊರಗೇ ಉಳಿದಿವೆ.

ಹಾಗಾಗಿ ನಮ್ಮ ಹಳ್ಳಿಯ ಓದುಗರಲ್ಲಿ, ವಿಶೇಷವಾಗಿ ಸುದ್ದಿ ಕಳಿಸುವ ಗೆಳೆಯರಲ್ಲಿ ಒಂದು ಕೋರಿಕೆ. ಚಿರತೆ ಕಂಡರೆ ದಿನ, ಹೊತ್ತು, ಕಬ್ಬು ಎಷ್ಟೆತ್ತರ ಇತ್ತು, ಕೂಳೆಯೋ ಹೊಸ ನಾಟಿಯೋ, ಏನು ಹೋಯಿತು, ಕೊಟ್ಟಿಗೆಗೆ ಬಾಗಿಲಿತ್ತೇ, ಆ ವಾರ ಕರೆಂಟು ಯಾವ ಹೊತ್ತಿಗೆ ಬರುತ್ತಿತ್ತು, ಇಷ್ಟನ್ನು ಬರೆದಿಡಿ. ಬೋನಿಗೆ ಬಿದ್ದರೆ ಗಂಡೋ ಹೆಣ್ಣೋ, ಮೈಕ್ರೋಚಿಪ್ ಹಾಕಿದರೇ, ಎಲ್ಲಿಗೆ ಒಯ್ದರು ಎಂದು ಕೇಳಿ ತಿಳಿದು ಕಳಿಸಿ. ಮರಿ ಎತ್ತಿಕೊಂಡ ಫೋಟೊ ಮಾತ್ರ ಕಳಿಸಬೇಡಿ, ಅಚ್ಚು ಹಾಕುವುದಿಲ್ಲ.