ಸತ್ಯಕಾಮನೆಂಬ ಹೆಸರು

ನನ್ನನ್ನು ಶಾಲೆಗೆ ಸೇರಿಸಿದ ದಿನ ಮೇಷ್ಟರು ದಾಖಲೆ ಪುಸ್ತಕದಲ್ಲಿ ‘ಸತ್ಯಕಾಮ’ ಎಂದು ಬರೆದುಕೊಂಡರಂತೆ. ಮನೆಯಲ್ಲಿ ನಾನು ತಿಪ್ಪ. ನನಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲವಾಗಿ, ನನ್ನನ್ನು ತಿಪ್ಪೆಯ ಮೇಲೆ ಉರುಳಿಸಿ ಆ ಹೆಸರಿಟ್ಟರು. ಕೀಳು ಹೆಸರಿನ ಮಗುವನ್ನು ಸಾವು ಮುಟ್ಟದೆಂಬುದು ನಮ್ಮ ಕಡೆಯ ನಂಬಿಕೆ. ಆ ಹೆಸರಿನ ಬಗ್ಗೆ ನನಗೆ ನಾಚಿಕೆಯಿಲ್ಲ. ಆದರೆ ಊರಿನ ಹಿರಿಯರೊಬ್ಬರು, “ನಿಮ್ಮ ಪೈಕಿಯವರಿಗೆ ಇಂಥ ಹೆಸರು ಯಾತಕ್ಕೋ?” ಎಂದು ನಕ್ಕದ್ದು ಮಾತ್ರ ಮರೆಯದು. ಅಂದು ಬಾರದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ಆ ನಗೆ ಹೊಸದೇನಲ್ಲ. ಬ್ರಾಹ್ಮಣನ ಹೆಸರು ಮಂಗಳವನ್ನೂ, ಕ್ಷತ್ರಿಯನದು ಬಲವನ್ನೂ, ವೈಶ್ಯನದು ಧನವನ್ನೂ, ಶೂದ್ರನದು ಹೇಯವನ್ನೂ ಸೂಚಿಸಬೇಕೆಂದು ಮನುಸ್ಮೃತಿಯ 2ನೆಯ ಅಧ್ಯಾಯವೇ ವಿಧಿಸಿದೆ.

ಸತ್ಯಕಾಮನ ಕಥೆ ಅದಕ್ಕಿಂತ ಹಳೆಯದು. ಛಾಂದೋಗ್ಯ ಉಪನಿಷತ್ತಿನ 4ನೆಯ ಅಧ್ಯಾಯದಲ್ಲಿದೆ. ಸತ್ಯವನ್ನು ಬಯಸುವವನು ಎಂದು ಪದದ ಅರ್ಥ. ಓದಲು ಹೊರಟ ಹುಡುಗ ತನ್ನ ಗೋತ್ರ ಯಾವುದೆಂದು ತಾಯಿ ಜಬಾಲೆಯನ್ನು ಕೇಳುತ್ತಾನೆ. ಹರೆಯದಲ್ಲಿ ಪರಿಚಾರಿಕೆಯಾಗಿ ಅಲೆದು ದುಡಿಯುತ್ತಿದ್ದಾಗ ನಿನ್ನನ್ನು ಪಡೆದೆ, ಗೋತ್ರ ತಿಳಿಯದು, ಸತ್ಯಕಾಮ ಜಾಬಾಲನೆಂದೇ ಹೇಳು ಎನ್ನುತ್ತಾಳೆ. ಅವನು ಗುರು ಹಾರಿದ್ರುಮತ ಗೌತಮನ ಮುಂದೆ ಹಾಗೆಯೇ ಹೇಳುತ್ತಾನೆ. ಸತ್ಯದಿಂದ ಜಾರಲಿಲ್ಲವೆಂದು ಮೆಚ್ಚಿ ಗೌತಮ ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿ, 400 ಬಡಕಲು ಹಸುಗಳನ್ನು ಕಾಯಲು ಕಳುಹಿಸುತ್ತಾನೆ. ಅವು 1000 ಆಗುವವರೆಗೆ ಹುಡುಗ ಹಿಂದಿರುಗಲಿಲ್ಲ! ದನ ಕಾದು ಬೆಳೆದ ನನಗೆ ಈ ಭಾಗವೇ ಅಚ್ಚುಮೆಚ್ಚು.

ಆದರೆ ಮೆಚ್ಚುವಾಗ ಗೌತಮ ಇನ್ನೊಂದು ಮಾತನ್ನೂ ಆಡಿದ್ದಾನೆ: ಬ್ರಾಹ್ಮಣನಲ್ಲದವನು ಹೀಗೆ ಹೇಳಲಾರ ಎಂದು. ಈ ಮಾತು ನನ್ನನ್ನು ಚುಚ್ಚುತ್ತದೆ. ನಿಜ ನುಡಿದದ್ದರಿಂದ ಹುಡುಗ ಬ್ರಾಹ್ಮಣನಾದನೆಂದು ಕೆಲವರು, ಬ್ರಾಹ್ಮಣನಾಗಿದ್ದುದರಿಂದಲೇ ನಿಜ ನುಡಿದನೆಂದು ಕೆಲವರು. ಜಬಾಲೆಗೆ ಅತಿಥಿಸೇವೆಯ ಗಡಿಬಿಡಿಯಲ್ಲಿ ಗಂಡನ ಗೋತ್ರ ಕೇಳಲು ಬಿಡುವಾಗಲಿಲ್ಲವೆಂದು ಶಂಕರರ ಭಾಷ್ಯ. ನನಗನ್ನಿಸುವುದೇನೆಂದರೆ, ಈ ಚರ್ಚೆಯಲ್ಲಿ ಎಲ್ಲರೂ ಹುಡುಗನ ಸತ್ಯವನ್ನು ಹೊಗಳಿ ತಾಯಿಯ ಸತ್ಯವನ್ನು ಮರೆತರು. ಮೊದಲು ನಿಜ ನುಡಿದವಳು ಆಕೆ. ಮಗ ಅದನ್ನು ಗುರುವಿಗೆ ಒಪ್ಪಿಸಿದನಷ್ಟೆ. ಯಾವುದೋ ಒಂದು ಗೋತ್ರ ಹೇಳಿಕೊಟ್ಟಿದ್ದರೆ ಕೇಳುವವರು ಯಾರಿದ್ದರು? ಉಪನಿಷತ್ತು ಕೂಡ ಅವನನ್ನು ಜಬಾಲೆಯ ಮಗನೆಂದೇ ಕರೆಯುತ್ತದೆ.

ನನ್ನ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತಾಯಿಯ ಹೆಸರೂ ಅಚ್ಚಾಗಿದೆ. ಅದನ್ನು ಓದಿ ಹೇಳಿದಾಗ ಅವ್ವ ಕೇಳಿದಳು: “ನನ್ನ ಹೆಸರು ಅಲ್ಲಿಗ್ಯಾಕೆ ಬಂತೋ ತಿಪ್ಪ? ಓದಿದ್ದು ನೀನಲ್ವಾ?”