ಸಸ್ಯಜನ್ಯ ಶಿಲೀಂಧ್ರನಾಶಕಗಳೂ ಶ್ರಾವಕನ ಹೊಣೆಯೂ

ಬೆಳೆಗಳಿಗೆ ತಗಲುವ ಶಿಲೀಂಧ್ರರೋಗಗಳ ನಿವಾರಣೆಯ ವಿಷಯದಲ್ಲಿ ಸಮಾಜಬಾಂಧವರ ನಡುವೆ ಎರಡು ಮಾತುಗಳು ಬಳಕೆಯಲ್ಲಿವೆ. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಅನಿವಾರ್ಯ, ರಾಸಾಯನಿಕಗಳಿಲ್ಲದೆ ಕೃಷಿ ಅಸಾಧ್ಯ, ಆದ್ದರಿಂದ ಸಿಂಪಡಣೆಯ ಬಗ್ಗೆ ಧರ್ಮವಿಚಾರ ವ್ಯರ್ಥ ಎಂಬುದು ಮೊದಲನೆಯದು. ಬೇವು, ಬೆಳ್ಳುಳ್ಳಿ, ಲವಂಗಗಳಿಂದ ಮಾಡಿದ್ದನ್ನು ಬಳಸಿದರೆ ಯಾವ ದೋಷವೂ ಅಂಟದು ಎಂಬುದು ಎರಡನೆಯದು. ಒಂದು ಪ್ರಯತ್ನವನ್ನು ಬಿಟ್ಟುಕೊಟ್ಟವರ ಮಾತು, ಇನ್ನೊಂದು ಪರೀಕ್ಷೆಯನ್ನು ಬಿಟ್ಟುಕೊಟ್ಟವರ ಮಾತು. ಅಹಿಂಸೆಯನ್ನು ಅಣುವ್ರತವಾಗಿ ಸ್ವೀಕರಿಸಿದವನಿಗೆ ಇವೆರಡೂ ಸಲ್ಲವು.

ಸಸ್ಯಮೂಲದ ಪರಿಹಾರವನ್ನು ಮನೆಮದ್ದೆಂದು ನಕ್ಕು ತಳ್ಳುವವರು ಒಂದು ವ್ಯಾಜ್ಯವನ್ನು ನೆನೆಯುವುದೊಳಿತು. ಬೇವಿನ ಎಣ್ಣೆಯಿಂದ ಸಸ್ಯಗಳ ಶಿಲೀಂಧ್ರಗಳನ್ನು ನಿಯಂತ್ರಿಸುವ ವಿಧಾನಕ್ಕೆ 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿಯು ಡಬ್ಲ್ಯು. ಆರ್. ಗ್ರೇಸ್ ಎಂಬ ಅಮೆರಿಕದ ಸಂಸ್ಥೆಗೂ ಆ ದೇಶದ ಕೃಷಿ ಇಲಾಖೆಗೂ ಜಂಟಿಯಾಗಿ ಪೇಟೆಂಟ್ ನೀಡಿತು. ವಂದನಾ ಶಿವ, ಯುರೋಪಿನ ಸಂಸತ್ತಿನ ಹಸಿರು ಪಕ್ಷದ ಮಾಗ್ದಾ ಆಲ್ವೂಟ್ ಹಾಗೂ ಸಾವಯವ ಕೃಷಿ ಚಳವಳಿಗಳ ಅಂತರರಾಷ್ಟ್ರೀಯ ಒಕ್ಕೂಟ 1995ರಲ್ಲಿ ಇದನ್ನು ವಿರೋಧಿಸಿದರು. ಈ ಪ್ರಯೋಗ ಭಾರತದಲ್ಲಿ ಮೊದಲೇ ನಡೆದಿತ್ತೆಂಬ ಸಾಕ್ಷ್ಯವನ್ನು ಪರಿಶೀಲಿಸಿ ಕಚೇರಿಯು 2000ದ ಮೇ ತಿಂಗಳಲ್ಲಿ ಪೇಟೆಂಟನ್ನು ರದ್ದುಗೊಳಿಸಿತು. ಮೇಲ್ಮನವಿಯೂ 2005ರ ಮಾರ್ಚ್‌ನಲ್ಲಿ ತಿರಸ್ಕೃತವಾಯಿತು. ಲಾಭ ಕಾಣದ ವಸ್ತುವಿನ ಹಕ್ಕಿಗಾಗಿ ಯಾವ ವ್ಯಾಪಾರಿಯೂ ಹತ್ತು ವರ್ಷ ಹೋರಾಡಲಾರನು. ಪರದೇಶದವರು ಬೆಲೆಯುಳ್ಳದ್ದೆಂದು ತಿಳಿದುದನ್ನು ಈ ನೆಲದವರೇ ಹಾಸ್ಯಮಾಡುವುದು ವಿವೇಕವಲ್ಲ.

ಇವು ಕೆಲಸಮಾಡುವ ಬಗೆಯೂ ರಹಸ್ಯವಾದುದಲ್ಲ. ಬೇವಿನ ಅಜಾಡಿರಕ್ಟಿನ್ ಮುಖ್ಯವಾಗಿ ಕೀಟಗಳ ಬೆಳವಣಿಗೆಯನ್ನು ತಡೆಯುತ್ತದೆ. ಅದನ್ನು ಬೇರ್ಪಡಿಸಿದ ಬಳಿಕ ಉಳಿಯುವ ಎಣ್ಣೆಯು ಎಲೆಯ ಮೇಲೆ ತೆಳುವಾದ ಪದರವಾಗಿ ಹರಡಿ, ಬೂದಿ ರೋಗದಂತಹ ರೋಗಗಳ ಬೀಜಾಣು ಮೊಳೆಯದಂತೆ ಮಾಡುತ್ತದೆ. ಲವಂಗದ ಯೂಜಿನಾಲ್, ಓಮದ ಥೈಮಾಲ್ ಇವು ಶಿಲೀಂಧ್ರದ ಜೀವಕೋಶದ ಪೊರೆಯನ್ನು ಕೆಡಿಸುತ್ತವೆ. ಇವೆರಡನ್ನೂ ಜಿರೇನಿಯಾಲನ್ನೂ ಯುರೋಪಿನ ಒಕ್ಕೂಟವು 2013ರಲ್ಲಿ ಅಂಗೀಕರಿಸಿತು. ದ್ರಾಕ್ಷಿಯ ಬೂದು ಬೂಷ್ಟಿಗೆ ಈ ಮೂರರ ಮಿಶ್ರಣ ಬಳಕೆಗೆ ಬಂದಿದೆ. ಬಿಸಿಲು ಗಾಳಿಗಳಿಗೆ ಇವು ಬೇಗನೆ ಆವಿಯಾಗಿ, ವಿಘಟಿಸಿ ಹೋಗುತ್ತವೆ. ಅದೇ ಇವುಗಳ ಗುಣ, ಅದೇ ದೋಷ: ಕಾಯಿ ಹಣ್ಣುಗಳಲ್ಲಿ ಶೇಷ ಕಡಮೆ, ಆದರೆ ಮತ್ತೆ ಮತ್ತೆ ಸಿಂಪಡಿಸಬೇಕಾಗುತ್ತದೆ.

ಮರುಸಿಂಪಡಣೆಯ ಕೂಲಿಯನ್ನು ತೋರಿಸಿ ರಾಸಾಯನಿಕವೇ ಅಗ್ಗವೆಂದು ವಾದಿಸುವವರುಂಟು. ಅಂಗಡಿಯ ರಸೀದಿಯಲ್ಲಿ ಬರೆದಿರುವುದಷ್ಟೇ ಖರ್ಚೆಂದು ತಿಳಿಯುವವನು ಲೆಕ್ಕ ಬಲ್ಲವನಲ್ಲ. ನಮ್ಮ ತೋಟಗಳಲ್ಲಿ ಮನೆಮಾತಾಗಿರುವ ಮ್ಯಾಂಕೋಜೆಬ್ ಒಡೆದಾಗ ಉಂಟಾಗುವ ಎಥಿಲೀನ್ ಥಯೋಯೂರಿಯಾ ಥೈರಾಯ್ಡ್ ಗ್ರಂಥಿಗೆ ಹಾನಿಕರ. ಸಂತಾನಶಕ್ತಿಗೂ ಭ್ರೂಣಕ್ಕೂ ಅಪಾಯಕಾರಿ, ಹಾರ್ಮೋನುಗಳ ವ್ಯವಸ್ಥೆಗೆ ಬಾಧಕ ಎಂಬ ಕಾರಣಗಳಿಂದ ಯುರೋಪಿನ ಒಕ್ಕೂಟವು 2020ರಲ್ಲಿ ಅದರ ಅನುಮತಿಯನ್ನು ನವೀಕರಿಸಲಿಲ್ಲ. ಅದೇ ವರ್ಷ ಭಾರತ ಸರಕಾರವು ನಿಷೇಧಕ್ಕಾಗಿ ಹೊರಡಿಸಿದ 27 ಪೀಡೆನಾಶಕಗಳ ಕರಡುಪಟ್ಟಿಯಲ್ಲಿ ಮ್ಯಾಂಕೋಜೆಬ್, ಕಾರ್ಬೆಂಡಜಿಮ್, ಕ್ಯಾಪ್ಟಾನ್‌ಗಳಿದ್ದವು. 2023ರ ನಿಷೇಧದ ಆದೇಶದಲ್ಲಿ ಡೈನೋಕ್ಯಾಪ್ ಎಂಬ ಶಿಲೀಂಧ್ರನಾಶಕ ಸೇರಿತು, ಈ ಮೂರು ಸೇರಲಿಲ್ಲ. ಹೊಲಗಳಲ್ಲಿ ಹೇರಳವಾಗಿ ಬಳಸುವ ಟ್ರಯಜೋಲ್ ವರ್ಗದಿಂದ ಇನ್ನೊಂದು ಅನಾಹುತ ಬಂದೊದಗಿದೆ. ಮನುಷ್ಯರ ಶ್ವಾಸಕೋಶಕ್ಕೆ ತಗಲುವ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಶಿಲೀಂಧ್ರವು ಅದೇ ವರ್ಗದ ಆಸ್ಪತ್ರೆಯ ಔಷಧಗಳಿಗೂ ಬಗ್ಗದಂತಾಗುತ್ತಿರುವುದು ನೆದರ್ಲೆಂಡ್ಸ್‌ನಲ್ಲಿಯೂ ಭಾರತದಲ್ಲಿಯೂ ಕಂಡುಬಂದಿದೆ. ಬೆಳೆಗೆ ಸಿಂಪಡಿಸಿದುದರ ಬೆಲೆಯನ್ನು ರೋಗಿಯು ತೆರುತ್ತಾನೆ. ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವನ್ನು ನೋಡಿ ಸಮಾಧಾನಪಡುವವರು ತಿಳಿಯಬೇಕಾದುದೇನೆಂದರೆ, ಅದು ತತ್‌ಕ್ಷಣದ ಪ್ರಾಣಾಪಾಯವನ್ನು ಅಳೆಯುತ್ತದೆಯೇ ಹೊರತು ವರ್ಷಗಟ್ಟಲೆ ಸಂಚಯವಾಗುವ ಕೇಡನ್ನಲ್ಲ.

ಇನ್ನು ಎರಡನೆಯ ಮಾತು. ಸಸ್ಯದಿಂದ ಬಂದುದೆಲ್ಲ ನಿರ್ದೋಷವೆಂದಾದರೆ ಹೊಗೆಸೊಪ್ಪಿನ ನಿಕೋಟಿನ್ ಸಲ್ಫೇಟನ್ನು ಭಾರತದಲ್ಲಿ ಪೀಡೆನಾಶಕವಾಗಿ ಬಳಸುವುದು ನಿಷಿದ್ಧವಾದುದೇಕೆ? ಡೆರಿಸ್ ಬೇರಿನಿಂದ ತೆಗೆದ ರೊಟೆನೋನ್ ಕೆರೆಯ ಮೀನುಗಳನ್ನು ಸಾಯಿಸುತ್ತದೆ. ಅದರ ಸಂಪರ್ಕಕ್ಕೂ ಪಾರ್ಕಿನ್‌ಸನ್ ರೋಗಕ್ಕೂ ನಂಟಿರುವುದನ್ನು ಸಂಶೋಧನೆಗಳು ತೋರಿಸಿವೆ. ಬೇವಿನ ಎಣ್ಣೆ ಶಿಲೀಂಧ್ರವನ್ನು ತಡೆಯುವುದೂ ಜೀವಕ್ಕೆ ಬಾಧೆ ಮಾಡಿಯೇ. ಬೂಷ್ಟು ಕಟ್ಟಿದ ಉಪ್ಪಿನಕಾಯಿಯನ್ನು ಅನಂತ ಜೀವಗಳ ನೆಲೆಯೆಂದು ತ್ಯಜಿಸುವ ಮನೆಯವರು, ತೋಟದ ಬೂಷ್ಟಿಗೆ ಜೀವವಿಲ್ಲವೆಂಬಂತೆ ವರ್ತಿಸಬಹುದೇ? ಬಾಧೆಯಿಲ್ಲವೆಂದು ಸಸ್ಯಜನ್ಯಗಳನ್ನು ಆರಿಸುವುದಲ್ಲ. ಗುರಿಯಿಟ್ಟ ರೋಗವನ್ನು ಮೀರಿ ಜೇನು, ಎರೆಹುಳು, ಬಾವಿಯ ನೀರು, ಕೂಲಿಯವನ ದೇಹ ಇವುಗಳಿಗೆ ಹಬ್ಬುವ ಬಾಧೆ ಕಡಮೆಯೆಂದು ಪರೀಕ್ಷೆಯಿಂದ ಕಂಡಾಗ ಮಾತ್ರ ಆರಿಸತಕ್ಕದ್ದು. ಮೂಲವನ್ನಲ್ಲ, ಹಾನಿಯನ್ನು ಅಳೆಯಬೇಕು.

ಹಾಗೆ ಅಳೆಯುವವನಿಗೆ ಒಂದು ಕ್ರಮ ತಾನಾಗಿ ಗೋಚರಿಸುತ್ತದೆ: ಮೊದಲು ತಡೆ, ಬಳಿಕ ಕಡಮೆ ಹಾನಿಯದು, ಕಟ್ಟಕಡೆಗೆ ರಾಸಾಯನಿಕ. ಮಲೆನಾಡಿನ ಅಡಕೆಯ ಕೊಳೆರೋಗವೇ ಇದಕ್ಕೆ ನಿದರ್ಶನ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿಯೇ ಈ ರೋಗದ ಕುರಿತು ಬರೆದರು. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣ ಅಂದಿನಿಂದ ರೂಢಿಯಾಯಿತು. ಎಡೆಬಿಡದ ಮಳೆಯಲ್ಲಿ ಎಣ್ಣೆ ಕಷಾಯಗಳು ನಿಲ್ಲುವುದು ಕಷ್ಟವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಹಾಗೆಂದು ತಾಮ್ರವೂ ನಿರಪಾಯವಲ್ಲ. ಅದು ಮಣ್ಣಿನಲ್ಲಿ ಕರಗಿಹೋಗದೆ ಶೇಖರವಾಗುತ್ತದೆ. ಯುರೋಪಿನ ಒಕ್ಕೂಟವು ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋಗ್ರಾಮಿನ ಮಿತಿ ವಿಧಿಸಿರುವುದು ಇದಕ್ಕಾಗಿಯೇ. ಆದರೆ ಅಡಕೆಯ ಗೊನೆಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಮಾಡುವ ಹಿರಿಯರ ಪದ್ಧತಿಯಲ್ಲಿ ಕೊಲ್ಲುವ ಮಾತೇ ಇಲ್ಲ. ಉದುರಿದ ರೋಗದ ಕಾಯಿಗಳನ್ನು ಆರಿಸುವುದು, ಬಸಿಗಾಲುವೆ ತೆರೆಯುವುದು, ಗಾಳಿಬೆಳಕಿಗೆ ಎಡೆಮಾಡುವುದು ಇವೂ ಹಾಗೆಯೇ. ಇವುಗಳಿಗೆ ಆಳು ಬೇಕು, ಹಣ ಬೇಕು. ಯತ್ನಾಚಾರವೆಂದರೆ ಇದೇ. ರೋಗದ ಸುಳಿವಿಲ್ಲದಿದ್ದರೂ ಪಂಚಾಂಗ ನೋಡಿದಂತೆ ವಾರವೆಣಿಸಿ ಸಿಂಪಡಿಸುವುದು ಉದ್ಯೋಗೀ ಹಿಂಸೆಯ ಲೆಕ್ಕಕ್ಕೆ ಬಾರದು; ಅದು ಶುದ್ಧ ಪ್ರಮಾದಚರ್ಯೆ.

ವರ್ತಕರ ಹೊಣೆ ಇನ್ನೂ ಹಿರಿದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯ ಜೊತೆಗೆ ಹಿಂಸಾದಾನವನ್ನೂ ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಕೊಲ್ಲುವ ಸಾಧನವನ್ನು ವಿಚಾರವಿಲ್ಲದೆ ಪರರ ಕೈಗಿಡುವವನು ಪಾಪಕ್ಕೆ ಪಾಲುದಾರನು. ನೋಂದಣಿ ಸಂಖ್ಯೆಯಿಲ್ಲದ, ಒಳಗೇನಿದೆಯೆಂದು ಬರೆಯದ ಸೀಸೆಗೆ ‘ಗಿಡಮೂಲಿಕೆಯದು’ ಎಂಬ ಚೀಟಿ ಅಂಟಿಸಿ ಮಾರುವುದು ಹಿಂಸೆಯೊಡನೆ ಅಸತ್ಯವನ್ನೂ ಸೇರಿಸಿದಂತೆ. ಅಂತಹ ಸರಕನ್ನು ಅಂಗಡಿಯೊಳಗೆ ಬಿಟ್ಟುಕೊಂಡು, ಅದರ ಲಾಭದಲ್ಲಿ ಪರ್ಯೂಷಣದ ದಾನ ಬರೆಸಿದರೆ ಆ ದಾನ ಯಾವ ಕರ್ಮವನ್ನು ಕಳೆಯಬಲ್ಲುದು?

ಬಸದಿಗಳ ಆಡಳಿತ ಮಂಡಳಿಗಳು ಈ ವಿಷಯದಲ್ಲಿ ಮೇಲ್ಪಂಕ್ತಿ ಹಾಕಬೇಕು. ಅಭಿಷೇಕಕ್ಕೆ ಎಳನೀರನ್ನೂ ಪೂಜೆಗೆ ಹೂವನ್ನೂ ಕೊಡುವ ತೋಟದಲ್ಲಿ ಏನನ್ನು, ಎಷ್ಟು, ಯಾವಾಗ, ಯಾವ ರೋಗಕ್ಕಾಗಿ ಸಿಂಪಡಿಸಲಾಯಿತೆಂಬ ಪುಸ್ತಕವಿಡಲಿ. ತೋಟವನ್ನು ಗುತ್ತಿಗೆಗೆ ಕೊಡುವಾಗ ಈ ಕ್ರಮವನ್ನೇ ಷರತ್ತಾಗಿ ಬರೆಯಿಸಲಿ. ಅದರಿಂದ ಗುತ್ತಿಗೆಯ ಹಣ ಇಳಿದರೆ ಇಳಿಯಲಿ. ಒಂದು ತುಂಡು ನೆಲದಲ್ಲಿ ಸಸ್ಯಜನ್ಯವನ್ನು, ಪಕ್ಕದ ತುಂಡಿನಲ್ಲಿ ರೂಢಿಯದನ್ನು ಬಳಸಿ ಇಳುವರಿಯನ್ನು ತೂಗಿ ಬರೆದಿಡಲಿ; ಸೋತರೆ ಸೋತಿತೆಂದೇ ಬರೆಯಲಿ. ಮರವೇರಿ ಸಿಂಪಡಿಸುವ ಕೊನೆಗೌಡನಿಗೆ ಕೈಗವಸು, ಮುಖವಸ್ತ್ರಗಳನ್ನು ಆಡಳಿತದವರೇ ಒದಗಿಸಲಿ. ವರ್ಷದ ಸಭೆಯಲ್ಲಿ ಹುಂಡಿಯ ಲೆಕ್ಕವನ್ನು ಓದುವವರು ಆ ಪುಸ್ತಕವನ್ನೂ ಓದಲಿ, ಸಭೆಯು ಪ್ರಶ್ನೆ ಕೇಳಲಿ.